ಖಾರದ ಹಿಂದೆ ಬೀಸಿದ ಗೋಧಿ

ಪ್ರವಚನ ಕೇಳಲು ಕೂತವರೇ, ಪೇಟೆ ಇರುವ ಯಾವುದಾದರೂ ಒಂದು ಊರನ್ನು ಮನಸ್ಸಿಗೆ ತಂದುಕೊಳ್ಳಿ. ಆ ಪೇಟೆಯ ನಡುವೆ ಒಂದು ಜವಳಿ ಅಂಗಡಿ. ಆ ಅಂಗಡಿಗೆ ಒಬ್ಬ ಸಾಹುಕಾರ. ಅವನ ಹೆಸರು ಹೇಳುವುದಿಲ್ಲ. ಹೆಸರು ಹೇಳಿದರೆ ನೀವು ಅವನನ್ನು ಹುಡುಕುತ್ತಾ ಹೋಗುತ್ತೀರಿ, ನಿಮ್ಮನ್ನು ನೋಡಿಕೊಳ್ಳುವುದಿಲ್ಲ.

ಅಂಗಡಿ ಅವನ ಅಪ್ಪ ಕಟ್ಟಿದ್ದು. ಮದುವೆಯ ಜವಳಿ ತೆಗೆಯಬೇಕೆಂದರೆ ಸುತ್ತಲಿನ ಹಳ್ಳಿಗಳ ಬೀಗರು ಗಾಡಿ ತುಂಬಿಕೊಂಡು ಬಂದು ಅದೇ ಗಾದಿಯ ಮೇಲೆ ಕೂರುತ್ತಿದ್ದರು. ಅದು ಹಳೆಯ ಮಾತು. ಈಗ ಅಂಗಡಿ ಬಿಕೋ ಎನ್ನುತ್ತಿತ್ತು, ಎದುರಿನ ಹೊಸ ಅಂಗಡಿ ಗಿಜಿಗುಡುತ್ತಿತ್ತು. ಈ ಮದುವೆ ಹಂಗಾಮೂ ಹೀಗೇ ಕಳೆದರೆ ಅಪ್ಪನ ಅಂಗಡಿಗೆ ಬೀಗ ಹಾಕಬೇಕಾಗುತ್ತದೆ ಎನ್ನುವುದು ಸಾಹುಕಾರನಿಗೆ ತಿಳಿದಿತ್ತು. ಒಂದೇ ಒಂದು ಆಸೆ ಉಳಿದಿತ್ತು. ಹೆಂಡತಿಯ ಅಣ್ಣನ ಮಗಳ ಮದುವೆ. ದೊಡ್ಡ ಬಳಗ. ಆ ಜವಳಿ ತನ್ನ ಅಂಗಡಿಯಲ್ಲಿ ಆದರೆ ಬಳಗದವರೆಲ್ಲ ಮತ್ತೆ ಇತ್ತ ತಿರುಗುತ್ತಾರೆ. ಆದರೆ ಅವರು ಎಲ್ಲಿಗೆ ಹೋಗಬೇಕು ಎನ್ನುವುದು ಹೆಂಡತಿಯ ಮಾತಿನ ಮೇಲಿತ್ತು. ಅವನು ಕೇಳಿದಾಗಲೆಲ್ಲ ಆಕೆ, “ನೋಡೂಣಂತ ಬಿಡ್ರಿ” ಎಂದು ಒಳಗೆ ಹೋಗುತ್ತಿದ್ದಳು.

ಅವನು ಸುಮ್ಮನೆ ಕೂತಿರಲಿಲ್ಲ ನೋಡಿ. ಸೀರೆ ಉಟ್ಟ ಗೊಂಬೆಗಳನ್ನು ತಂದು ನಿಲ್ಲಿಸಿದ. ಕಣ್ಣು ಕುಕ್ಕುವ ದೀಪ ಹಾಕಿಸಿದ. ಜಿಲ್ಲೆಯ ಊರಿನಲ್ಲಿ ಕೋಟು ತೊಟ್ಟವರು ವ್ಯಾಪಾರದ ಗುಟ್ಟು ಹೇಳಿಕೊಡುತ್ತಾರೆಂದು ಕೇಳಿ ಅಲ್ಲಿಗೂ ಹೋಗಿ ಬಂದ. ಬಂದವನೇ ‘ಗಿರಾಕಿಯೇ ದೇವರು’ ಎಂದು ಹಲಗೆ ಬರೆಸಿ ಗಾದಿಯ ಮೇಲೆ ತೂಗುಹಾಕಿದ. ಆ ಹಲಗೆಯ ಕೆಳಗೇ ಕೂತು ದಿನವೂ ದೇವರನ್ನು ಬೈಯುತ್ತಿದ್ದ. ನಗಬೇಡಿ! ನಿಮ್ಮ ಅಂಗಡಿಯಲ್ಲೂ ಹಲಗೆಗಳಿವೆ. ನಾನು ನೋಡಿದ್ದೇನೆ.

ಹೀಗಿರುವಾಗ ಒಂದು ದಿನ ಹೆಂಡತಿಯ ಕಾಲು ಉಳುಕಿತು. ಮನೆಯಲ್ಲಿ ಹಿಟ್ಟು ಮುಗಿದಿತ್ತು. ಗೋಧಿಯ ಡಬ್ಬಿ ಹೊತ್ತುಕೊಂಡು ಸಾಹುಕಾರನೇ ಗಿರಣಿಗೆ ಹೋಗಬೇಕಾಯಿತು.

ನೀವು ಗಂಡಸರು ಗಿರಣಿಗೆ ಹೋಗುವುದಿಲ್ಲ. ಹೋದರೆ ಗೊತ್ತಾಗುತ್ತದೆ. ಅಲ್ಲಿ ಯಾರು ಮೊದಲು ಬಂದರು ಎನ್ನುವುದಕ್ಕಿಂತ ಯಾರು ಏನು ತಂದಿದ್ದಾರೆ ಎನ್ನುವುದೇ ಹೆಚ್ಚು. ಜೋಳದ ಹಿಂದೆ ಜೋಳ ಹಾಕುತ್ತಾರೆ, ಗೋಧಿಯ ಹಿಂದೆ ಗೋಧಿ. ಯಾಕೆಂದರೆ ಮುಂದಿನವರ ಹಿಟ್ಟು ಎಲ್ಲವೂ ಅವರ ಡಬ್ಬಿಗೆ ಬಂದು ಬೀಳುವುದಿಲ್ಲ. ಒಂದಿಷ್ಟು ಕಲ್ಲಿನ ಸಂದಿಯಲ್ಲಿ ಉಳಿದು, ಹಿಂದೆ ಬಂದವರ ಹಿಟ್ಟಿನಲ್ಲಿ ಸೇರುತ್ತದೆ. ಆ ದಿನ ಖಾರ ಬೀಸುವ ಯಂತ್ರ ಕೆಟ್ಟಿದ್ದರಿಂದ ಮೆಣಸಿನಕಾಯಿಯೂ ಗೋಧಿ ಬೀಸುವ ಕಲ್ಲಿಗೇ ಬಂದಿತ್ತು. ಫಕೀರವ್ವ ಎನ್ನುವ ಹೆಂಗಸಿನ ಖಾರ ಆಗತಾನೇ ಮುಗಿದಿತ್ತು. ಗಿರಣಿಯವನು ಮೂಗಿಗೆ ವಸ್ತ್ರ ಕಟ್ಟಿಕೊಂಡು ಸೀನುತ್ತಿದ್ದ. ಉಳಿದ ಹೆಂಗಸರು ತಮ್ಮ ತಮ್ಮ ಡಬ್ಬಿ ಹಿಡಿದು ಸುಮ್ಮನೆ ಕೂತಿದ್ದರು.

ಸಾಹುಕಾರ ನೇರ ಒಳಗೆ ನುಗ್ಗಿದ. “ಹಾಕು ನಂದು. ಅಂಗಡಿ ಬಿಟ್ಟು ಬಂದೀನಿ.”

“ತಡೀರಿ ಸಾಹುಕಾರ್ರ,” ಎಂದ ಗಿರಣಿಯವನು. “ಒಂದು ಬೊಗಸಿ ಕಾಳು ಹಾಕಿ ಕಲ್ಲು ತೊಳ್ಕೋತೀನಿ. ನೀವ ಮುಂದ ಅದೀರಿ, ನಿಮ್ಮ ಗೋಧೀನ ಒಂದು ಬೊಗಸಿ ಕೊಡ್ರಿ. ಅದನ್ನ ಚೆಲ್ಲೂದು, ಆಮ್ಯಾಲ ನಿಮ್ದು.”

“ಚೆಲ್ಲೂದಾ? ಬೀದ್ಯಾಗ ಚೆಲ್ಲಾಕ ನಮ್ಮ ಮನ್ಯಾಗ ಗೋಧಿ ಹೆಚ್ಚಾಗ್ಯಾವೇನು? ಬಾಯಿ ಮುಚ್ಚಿ ಹಾಕು.”

“ಖಾರದ ಹಿಂದ ಹಾಕಸಾಕತ್ತೀರಿ, ನೋಡ್ರಿಯಪಾ” ಎಂದಳು ಒಬ್ಬಾಕೆ.

“ನನಗ ಕಲಸಬ್ಯಾಡ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಫಕೀರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, “ಹೋಗ್ಲಿ ಬಿಡ್ರವಾ. ಇವತ್ತ ಊರ ಕಲ್ಲು ಸಾಹುಕಾರ್ರ ತೊಳೀಲಿ” ಎಂದಳು. ಎಲ್ಲರೂ ನಕ್ಕರು. ಯಾಕೆ ನಕ್ಕರೆಂದು ಅವನಿಗೆ ತಿಳಿಯಲಿಲ್ಲ. ಗೆದ್ದವನ ಹಾಗೆ ಡಬ್ಬಿ ಹೊತ್ತು ಮನೆಗೆ ಬಂದ.

ಮಧ್ಯಾಹ್ನ ಊಟಕ್ಕೆ ಕೂತ. ಚಪಾತಿಯ ಒಂದು ತುತ್ತು ಒಳಗೆ ಹೋಯಿತು. ಕೆಮ್ಮು ಹತ್ತಿತು. ಕಣ್ಣಲ್ಲಿ ನೀರು.

“ಏನ ಹಾಕೀ ಇದರಾಗ?” ಎಂದು ಗುಡುಗಿದ.

ಹೆಂಡತಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಮುಖ ಕಿವುಚಿ, “ಯಾರ ಹಿಂದ ಹಾಕ್ಸಿದ್ರಿ?” ಎಂದಳು.

“ಯಾರ ಹಿಂದ ಅಂದ್ರ? ಅದ್ಯಾವಾಕಿ, ಫಕೀರವ್ವ.”

“ಆಕೀ ಏನ ಹಾಕಸಿದ್ಲು?”

“ಖಾರ.”

“ಕಲ್ಲು ತೊಳಸ್ಲಿಲ್ಲ?”

ಸಾಹುಕಾರ ಮತ್ತೆ ಕೆಮ್ಮಿದ. ಆಕೆ ನೀರಿನ ತಂಬಿಗೆಯನ್ನು ಮುಂದೆ ಸರಿಸಿದಳು. “ಗೋಧಿಗೆ ಯಾಕ ಬೈತೀರಿ? ಗೋಧಿ ಚಲೋ ಅದಾವ. ಫಕೀರವ್ವನ ಖಾರ ತಿನ್ನಾಕತ್ತೀರಿ ನೀವು. ನೀರು ಕುಡೀರಿ.”

ಮಾತು ಇಷ್ಟೇ. ಹೆಂಗಸರು ದಿನವೂ ಒಬ್ಬರನ್ನೊಬ್ಬರು ಕೇಳುವ ಮಾತು. ಆದರೆ ಅವನು ಅಂಗಡಿಗೆ ಹೋಗಿ ಖಾಲಿ ಗಾದಿಯ ಮೇಲೆ ಕೂತಾಗ ಅದು ಅವನನ್ನು ಬಿಡಲಿಲ್ಲ. ಯಾರ ಹಿಂದ? ಯಾರ ಹಿಂದ?

ಹೋದ ವಾರ ಪಕ್ಕದ ಹಳ್ಳಿಯ ಒಂದು ದೊಡ್ಡ ಮನೆತನದವರು ಜವಳಿಗೆ ಬಂದಿದ್ದರು. ಅವರ ಜೊತೆಗಿದ್ದ ಮುದುಕಿ, ಇನ್ನೊಂದು ಇಲಕಲ್ ಸೀರೆ ಬಿಚ್ಚಿ ತೋರಿಸಪ್ಪಾ ಎಂದಿದ್ದಳು. “ಬಿಚ್ಚಿ ಬಿಚ್ಚಿ ಮಡಚಾಕ ನಮಗ ಬ್ಯಾರೆ ಕೆಲಸ ಇಲ್ಲೇನು?” ಎಂದಿದ್ದ ಇವನು. ಅವರು ಎದ್ದು ಎದುರಿನ ಅಂಗಡಿಗೆ ಹೋದರು. ಮುದುಕಿಯದು ಹೆಚ್ಚಾಯಿತು ಎಂದು ಅವತ್ತು ಅಂದುಕೊಂಡಿದ್ದ. ಈಗ ಕೇಳಿಕೊಂಡ: ಆ ಮುದುಕಿ ಬಂದದ್ದು ಯಾರ ಹಿಂದೆ? ಲಾರಿಯವನ ಹಿಂದೆ. ಲಾರಿಯವನು ಬಟ್ಟೆಯ ಗಂಟನ್ನು ನೀರಲ್ಲಿ ನೆನೆಸಿ ತಂದಿದ್ದ. ಅವನ ಮೇಲೆ ಕಿರುಚಾಡಿದ ಬಾಯಿ ಆರುವ ಮುಂಚೆಯೇ ಮುದುಕಿ ಹೊಸ್ತಿಲು ದಾಟಿ ಒಳಬಂದಿದ್ದಳು. ಮಗಳಿಗೆ ಲಂಗದ ಬಟ್ಟೆ ಕೇಳಲು ಬಂದ ಮೇಷ್ಟ್ರು? ಅವರು ಬಂದದ್ದು ಫೋನಿನಲ್ಲಿ ದಾಯಾದಿಯ ಜೊತೆಗಿನ ಜಗಳದ ಹಿಂದೆ. ಎಷ್ಟು ಮಂದಿ ಎದ್ದು ಹೋಗಿದ್ದರೋ ಅವರೆಲ್ಲರೂ ಯಾರದೋ ಖಾರ ತಿಂದು ಹೋಗಿದ್ದರು.

ನೋಡಿ, ಕೋಟು ತೊಟ್ಟವರು ಹೇಳಲಾಗದ್ದು ಗಿರಣಿಯ ಸಾಲಿನಲ್ಲಿತ್ತು. ಚಪಾತಿಯಲ್ಲಿತ್ತು. ಕಣ್ಣಿಗೆ ನೀರು ಬಂದ ಮೇಲಾದರೂ ಅವನಿಗೆ ಕಂಡಿತು. ಕೆಲವರಿಗೆ ಅದೂ ಕಾಣುವುದಿಲ್ಲ.

ಆದರೆ ಅವನು ವ್ಯಾಪಾರಿ. ಪಾಠವನ್ನೂ ವ್ಯಾಪಾರಿಯ ಹಾಗೇ ಕಲಿತ. ಜಗಳದ ಕೆಲಸವೆಲ್ಲ ಸಂಜೆಗೆ ಎಂದು ಗೊತ್ತುಮಾಡಿದ. ಲಾರಿಯವನು ಸಂಜೆ ಬರಲಿ, ನೇಕಾರರ ಏಜೆಂಟನೂ ಸಂಜೆಯೇ ಬರಲಿ, ದಾಯಾದಿಯ ಫೋನೂ ಬಾಗಿಲು ಹಾಕುವ ಹೊತ್ತಿಗೇ ಆಗಲಿ. ಹಗಲೆಲ್ಲ ತಣ್ಣನೆಯ ಮಾತು. ಕೇಳಿದಷ್ಟು ಸೀರೆ ಬಿಚ್ಚಿದ, ನಗುತ್ತಾ ಮಡಚಿದ. ಒಬ್ಬೊಬ್ಬರೇ ಹಳೆಯ ಗಿರಾಕಿಗಳು ಇಣುಕಿದರು, ಕೂತರು, ಕೊಂಡರು. ಮುದುಕಿಯ ಮನೆತನದ ಜವಳಿ ಮಾತ್ರ ಹೋದದ್ದು ಹೋಯಿತು.

ಭಲೇ ಅನ್ನಬೇಕೆಂದಿದ್ದೀರಿ. ಬೇಡ. ಖಾರವನ್ನು ಕೊನೆಗೆ ಬೀಸಿದರೆ, ಅದರ ಹಿಂದೆ ಬರುವವರು ಯಾರು? ಹೇಳಿ, ಯಾರು?

ಹೆಂಡತಿ. “ಬಾಗಲಾ ತೆಗ್ಯಾಕ ಇಷ್ಟೊತ್ತ ಬೇಕೇನು?” “ಸಾರಿಗೆ ಉಪ್ಪು ಯಾರ ಹಾಕಬೇಕು, ಎದರ ಮನಿಯವರ?” ದಿನವೂ ಇದೇ. ಹಗಲು ಅಂಗಡಿಯಲ್ಲಿ ಬೆಣ್ಣೆ, ಸಂಜೆ ಮನೆಯಲ್ಲಿ ಬೆಂಕಿ.

ಜವಳಿಯ ದಿನ ಹತ್ತಿರ ಬಂತು. ಒಂದು ಸಂಜೆ ಅವನು ಉಣ್ಣುತ್ತಾ ಕೇಳಿದ. “ನಿಮ್ಮಣ್ಣಾರು ನಮ್ಮ ಅಂಗಡಿಗೇ ಬರ್ತಾರಲ್ಲ?”

“ಎದರಿನ ಅಂಗಡಿಗೆ ಹೋಗ್ರಿ ಅಂತ ಹೇಳೀನಿ.”

ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು. “ಯಾಕ? ಊರ ಮಂದಿ ಎಲ್ಲಾ ಈಗ ನಮ್ಮ ಅಂಗಡಿ ಚಲೋ ಅಂತಾರ!”

“ಅನ್ಲಿ. ನಿಮ್ಮ ಅಂಗಡಿ ಕಲ್ಲು ಸ್ವಚ್ಛ ಆಗೇತಿ, ನಾನೂ ಕೇಳೀನಿ. ಆ ಖಾರೆಲ್ಲಾ ದಿನಾ ಸಂಜಿಗೆ ಯಾರ ಹಿಟ್ಟಿನ್ಯಾಗ ಬೀಳತೈತಿ? ನನಗ ಅಂದಿದ್ದನ್ನ ನಾಳೆ ನಮ್ಮಣ್ಣನ ಹೇಂತಿಗೆ, ನಮ್ಮ ವೈನಿಗೆ ಅನ್ನೂದಿಲ್ಲ ಅಂತ ಹೆಂಗ ನಂಬಲಿ? ತವರಮನಿ ಮಂದೀನ ನಿಮ್ಮ ಗಿರಣಿಗೆ ನಾ ತಂದು ಹಾಕೂದಿಲ್ಲ.”

ಸಾಹುಕಾರನ ಬಾಯಿಗೆ ಒಂದು ಮಾತು ಬಂತು. ಎಂಥ ಮಾತು ಎಂದು ನಿಮಗೆ ಗೊತ್ತು, ನೀವೂ ಆಡಿದ್ದೀರಿ. ಅದು ತುಟಿಯವರೆಗೆ ಬಂದು ನಿಂತಿತು. ಈ ಮಾತು ಯಾರ ಹಿಂದೆ? ನೇಕಾರರ ಏಜೆಂಟನ ಹಿಂದೆ. ಅವನ ಮೇಲಿನ ಸಿಟ್ಟು ಇನ್ನೂ ಎದೆಯಲ್ಲಿತ್ತು.

ಅವನು ಕೈ ತೊಳೆದು ಹೊರಗೆ ಹೋಗಿ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತ. ಸುಮ್ಮನೆ ಕೂತ. ಅವನಿಗೆ ಸುಮ್ಮನೆ ಕೂತು ಗೊತ್ತಿರಲಿಲ್ಲ. ಈ ಹೊತ್ತಿನಲ್ಲಿ ಬಂದ ಮಾಲನ್ನು ಜೋಡಿಸಬಹುದಿತ್ತು, ಯಾರಿಗಾದರೂ ಫೋನು ಮಾಡಬಹುದಿತ್ತು. ಹೊತ್ತು ಹಾಳಾಗುತ್ತಿದೆ ಎಂದು ಮೈಯೆಲ್ಲ ತುರಿಸಿದಂತಾಯಿತು. ಆಗ ಹೊಳೆಯಿತು. ಗಿರಣಿಯವನು ಕೇಳಿದ ಒಂದು ಬೊಗಸೆ ಇದೇ. ಚೆಲ್ಲಲೆಂದೇ ಹಾಕುವ ಕಾಳು. ಸಾಲಿನಲ್ಲಿ ಯಾರನ್ನು ಹಿಂದೆ ಹಾಕಿದರೇನು, ಮುಂದೆ ಹಾಕಿದರೇನು? ನಡುವೆ ಒಂದು ಬೊಗಸೆ ಚೆಲ್ಲಲು ಮನಸ್ಸಿಲ್ಲದವನ ಕಲ್ಲು ಎಂದೂ ಸ್ವಚ್ಛವಾಗುವುದಿಲ್ಲ.

ಒಳಗೆ ಬಂದು, “ನೀ ಅಂದಿದ್ದು ಖರೆ” ಎಂದ. ಆಕೆ ಹಾಸಿಗೆ ಕೊಡವುತ್ತಾ ಇದ್ದಳು. ಮರುದಿನದಿಂದ ಅವನು ಅಂಗಡಿ ಮುಚ್ಚಿ ಬಂದವನು ನೇರ ಬಾಗಿಲು ತಟ್ಟಲಿಲ್ಲ. ಕಟ್ಟೆಯ ಮೇಲೆ ಕೂತು, ಎದೆ ತಣ್ಣಗಾದ ಮೇಲೆ ಒಳಗೆ ಬಂದ. ಆಕೆ ಕಿಟಕಿಯಿಂದ ನೋಡಿದಳು.

ಜವಳಿಯ ದಿನ ಬಂತು. ಎದುರಿನ ಅಂಗಡಿಯ ಮುಂದೆ ಬಳಗದ ಗಾಡಿ ಬಂದು ನಿಂತದ್ದನ್ನು ಸಾಹುಕಾರ ಗಾದಿಯಿಂದಲೇ ನೋಡಿದ. ಆಯಿತು, ಮುಗಿಯಿತು ಎಂದುಕೊಂಡ. ಅದೇ ಹೊತ್ತಿಗೆ, ಸಂಜೆ ಬರಬೇಕಿದ್ದ ಲಾರಿಯವನು ಹಗಲಲ್ಲೇ ಬಂದು ಮತ್ತೆ ಒದ್ದೆಯಾದ ಗಂಟನ್ನು ತಂದು ದೊಪ್ಪನೆ ಒಗೆದ. ಸಾಹುಕಾರನಿಗೆ ಸಿಟ್ಟು ನೆತ್ತಿಗೇರಿತು. “ನಿಮ್ಮಪ್ಪನ ಮಾಲಾ ಇದು?” ಎಂದು ಶುರುವಾದದ್ದು ಪೇಟೆಗೆಲ್ಲ ಕೇಳಿಸಿತು. ಲಾರಿಯವನು ಗೊಣಗುತ್ತಾ ಹೋದ. ಸಾಹುಕಾರ ತಿರುಗಿ ನೋಡುತ್ತಾನೆ, ಹೊಸ್ತಿಲಲ್ಲಿ ಹೆಂಡತಿ! ಆಕೆಯ ಹಿಂದೆ ಬೀದಿ ದಾಟಿ ಬಂದ ಅಣ್ಣ, ವೈನಿ, ಇಡೀ ಬಳಗ. ಎಲ್ಲ ಕೇಳಿಸಿಕೊಂಡು ನಿಂತಿದ್ದರು.

ಹೆಂಡತಿ ಕೇಳಿದಳು: “ಈಗ ಬರೂಣೋ, ತಡಿಯೂಣೋ?”

ಸಾಹುಕಾರನ ಮುಖ ಇನ್ನೂ ಕೆಂಪಗಿತ್ತು. ಓಡಿಹೋಗಿ ಕೈ ಹಿಡಿದು ಕರೆಯಬೇಕಾದ ಗಿರಾಕಿಗಳು. ಎದುರಿನ ಅಂಗಡಿಯವನು ಆಗಲೇ ಬಾಗಿಲಿಗೆ ಬಂದು ಕೈ ಮುಗಿಯುತ್ತಿದ್ದ. ಆದರೂ ಇವನು, “ಒಂದು ಗಳಿಗಿ ತಡೀರಿ. ಕಲ್ಲು ತೊಳಕೊಂಡು ಬರ್ತೀನಿ” ಎಂದು ಹಿತ್ತಲಿಗೆ ಹೋದ. ಮುಖಕ್ಕೆ ನೀರು ಹಾಕಿಕೊಂಡು, ಉಸಿರು ತಹಬಂದಿಗೆ ಬರುವವರೆಗೆ ಗೋಡೆ ಹಿಡಿದು ನಿಂತ.

ಇತ್ತ ಅಣ್ಣ ಕಕ್ಕಾಬಿಕ್ಕಿಯಾಗಿದ್ದ. “ಏನಂದ್ರವಾ ನಿಮ್ಮ ಮನಿಯವರು? ಯಾವ ಕಲ್ಲು?”

“ನಿನಗ ತಿಳ್ಯೂದಿಲ್ಲ, ಸುಮ್ಮನ ಕೂಡು” ಎಂದು ಹೆಂಡತಿ ತಾನೇ ಮೊದಲು ಗಾದಿಯ ಮೇಲೆ ಕೂತಳು. ಕೂತು, ವೈನಿಯ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

ಕಥೆ ಮುಗಿಯಿತು. ಈಗ ನಿಮ್ಮ ಸರದಿ.

ಕಿರಾಣಿ ಅಂಗಡಿಯವನೇ, ನಿನ್ನೆ ಎಣ್ಣೆ ಕೇಳಲು ಬಂದ ಹೆಣ್ಣುಮಗಳ ಮೇಲೆ ಹಾರಿಬಿದ್ದೆಯಲ್ಲ, ಅದು ಯಾರ ಹಿಂದೆ? ಬಸ್ಸಿನ ಕಂಡಕ್ಟರೇ, ಚಿಲ್ಲರೆ ಇಲ್ಲವೆಂದ ಮುದುಕನನ್ನು ನಡುದಾರಿಯಲ್ಲಿ ಇಳಿಸಿದೆಯಲ್ಲ, ಅದು ಯಾರ ಹಿಂದೆ? ತಾಯಂದಿರೇ, ನೀವು ಗಂಡಸರನ್ನು ನೋಡಿ ನಗುತ್ತಿದ್ದೀರಿ. ನೆರೆಮನೆಯಾಕೆಯ ಜೊತೆ ನಲ್ಲಿಯ ಹತ್ತಿರ ಜಗಳವಾಡಿ ಬಂದು, ಮಗುವಿನ ಬೆನ್ನಿಗೆ ಬಾರಿಸಿದಿರಿ. ಆ ಏಟು ಯಾರ ಹಿಂದೆ? ಮಗು ಮಾಡಿದ್ದೇನು? ನಿಮ್ಮ ಕೈಗೆ ಸಿಗುವಷ್ಟು ಹತ್ತಿರ ಇದ್ದದ್ದೇ ಅದರ ತಪ್ಪು.

ಸಿಟ್ಟೇ ಬರಬಾರದು ಎಂದು ನಾನು ಹೇಳುವುದಿಲ್ಲ. ಒದ್ದೆ ಗಂಟು ತಂದವನಿಗೆ ಬೈಯಲೇಬೇಕು, ಬೈಯಿರಿ. ಆದರೆ ಅವನದು ಅವನಿಗೇ ಮುಗಿಯಲಿ. ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡುವ ಮೊದಲು ಒಂದಿಷ್ಟು ಹೊತ್ತು ಹಾಳುಮಾಡಿ. ನೀರು ಕುಡಿಯಿರಿ. ಕಾಲು ತೊಳೆಯಿರಿ. ಬಿಚ್ಚಿದ ಬಟ್ಟೆ ಮಡಚಿಡಿ. ಯಾವ ಲಾಭವೂ ಇಲ್ಲದ ಹೊತ್ತು ಅದು. ಅದನ್ನು ಚೆಲ್ಲಲು ಜಿಪುಣತನ ಮಾಡಬೇಡಿ. ನಾಳೆಯಿಂದ ಅಲ್ಲ, ಇವತ್ತಿನಿಂದ.

ಈಗ ಎದ್ದು ಹೊರಗೆ ಹೋಗುತ್ತೀರಿ. ಇಷ್ಟು ಜನದ ನಡುವೆ ಬಾಗಿಲಲ್ಲಿ ಬಿಟ್ಟ ಯಾರದಾದರೂ ಚಪ್ಪಲಿ ಕಾಣೆಯಾಗಿಯೇ ಆಗಿರುತ್ತದೆ. ಬರಿಗಾಲಲ್ಲಿ ಮುಳ್ಳು ತುಳಿಯುತ್ತಾ, ಕಂಡವರಿಗೆಲ್ಲ ಶಾಪ ಹಾಕುತ್ತಾ ಮನೆಯ ಮುಂದೆ ಹೋಗಿ ನಿಲ್ಲುತ್ತೀರಿ. ಬಾಗಿಲು ಬಡಿಯಬೇಡಿ. ನಿಲ್ಲಿ. ಒಳಗಿರುವವರು ನಿಮ್ಮ ಚಪ್ಪಲಿ ಕದ್ದಿಲ್ಲ.