ಆರು ಜನ ನೋಡಿದ ಪೋಸ್ಟರ್

ಹಲೋ... ಹಾಂ, ಯಾರು ಮಾತಾಡ್ತಿರೋದು? ಸ್ವಲ್ಪ ಜೋರಾಗಿ ಹೇಳಿ, ಹಿಂದೆ ಏನೋ ಮೆಷಿನ್ ಸದ್ದು...

...

ಓ, ಆರ್ವಿಲ್! ಆ ಗಡಗಡ ಕೇಳಿದಾಗ್ಲೇ ನಿನ್ನ ಪ್ರೆಸ್ಸು ಅಂತ ಗೊತ್ತಾಗ್ಬೇಕಿತ್ತು. ಹಾಂ, ನಾನೇ, ನೆಟ್ಟಿ. ಅಚ್ಚಾಯ್ತಾ? ಮುನ್ನೂರೂ ಆಯ್ತಾ? ಕಿತ್ತಳೆ ಬಣ್ಣ ಹೇಗೆ ಬಂತು? ಮೊದ್ಲು ಅದು ಹೇಳು!

...

ಕಣ್ಣು ಕುಕ್ಕತ್ತಾ? ನಿನ್ನ ಬಾಯಿಗೆ ಸಕ್ಕರೆ ಹಾಕ! ವಿನಿಪೆಗ್ಗಲ್ಲಿ ಮಾರ್ಚ್ ಅಂದ್ರೆ ಬರೀ ಕೆಸರು ಹಿಮ, ಕುಕ್ಕಲಿ ಅಂತಾನೇ ಆ ಬಣ್ಣ. ನಾಳೆ ಹೈಸ್ಕೂಲ್ ಮಕ್ಕಳೆಲ್ಲ ಯೂನಿವರ್ಸಿಟಿ ನೋಡೋಕೆ ಬರ್ತಾರೆ. ನಮ್ಮ ಗ್ರಾಫಿಕ್ ಡಿಸೈನಿಗೆ ಹನ್ನೆರಡು ಜನ ಸೇರ್ಬೇಕು ಕಣೋ, ಹನ್ನೊಂದಾಗಿದೆ. ನಾಳೆ ಸಂಜೆಯೊಳಗೆ ಇನ್ನೊಂದು ಹೆಸರು ಬರ್ಲಿಲ್ಲ ಅಂದ್ರೆ ಡೀನ್ ತರಗತಿ ಮುಚ್ಚಿಸ್ತಾರೆ. ಜೊತೆಗೆ ನನ್ನನ್ನೂ ಮನೆಗೆ ಕಳಿಸ್ತಾರೆ.

...

ಏನು? ಅಕ್ಷರಾನಾ? ದಪ್ಪ ಜಾಸ್ತಿ ಆಯ್ತಾ?

...

ಹೇಗಿದೆ ಅಂತಲ್ವಾ? ಏನು ಬರೆದಿದೆ ಅಂತಾನಾ? ಓದು ನೋಡೋಣ.

...

ಇನ್ನೊಂದ್ಸಲ ಓದು.

...

"ಇಲ್ಲಿ ಏನಾದ್ರೂ ಬರೀರಪ್ಪ, ನಮಗಂತೂ ಏನೂ ಹೊಳೀತಿಲ್ಲ." ಅಯ್ಯಯ್ಯೋ! ಅದು ನಾನೇ ಹಾಕಿದ್ದು! ಒಳ್ಳೇ ಸಾಲು ಸಿಗೋವರೆಗೂ ಜಾಗ ಹಿಡ್ಕೊಂಡಿರ್ಲಿ ಅಂತ!

...

ಯಾರೂ ನೋಡ್ಲಿಲ್ವಾ ಅಂದ್ರೆ? ಆರು ಜನ ಮೇಷ್ಟ್ರು, ಎರಡು ವಾರ, ಗೋಡೆಗೆ ಅಂಟಿಸ್ಕೊಂಡು ನೋಡಿದ್ವಿ! ದೂರ ನಿಂತು ನೋಡಿದ್ವಿ, ತಲೆಕೆಳಗು ಮಾಡಿ ನೋಡಿದ್ವಿ. ಅಕ್ಷರದ ಸಂದು ಕೂದಲೆಳೆಯಷ್ಟು ಸರಿಸ್ಬೇಕು ಅಂತ ಇಬ್ಬರು ಜಗಳ ಆಡಿ ಮಾತು ಬಿಟ್ಟಿದ್ದಾರೆ. ಓದಿದೋರು ಮಾತ್ರ ಒಬ್ಬರೂ ಇಲ್ಲ!

...

ನಗ್ಬೇಡ! ಲೋ, ನಗಿಸ್ಬೇಡ ಅಂದ್ನಲ್ಲ, ಹೊಟ್ಟೆ ನೋಯ್ತಿದೆ... ಇನ್ನೊಂದ್ಸಲ ಅಚ್ಚು ಹಾಕೋಕಾಗಲ್ವಾ?

...

ಕಾಗದ ಮುಗೀತಾ? ತಾಳು. ತಾಳು ತಾಳು. ಆ ಸಾಲಿನ ಕೆಳಗೆ ಖಾಲಿ ಜಾಗ ಎಷ್ಟಿದೆ?

...

ಅರ್ಧ ಹಾಳೆ! ಹಂಗಾದ್ರೆ ಹಂಗೇ ಅಂಟಿಸೋಣ! ಒಂದೊಂದಕ್ಕೂ ದಾರ ಕಟ್ಟಿ ಮಾರ್ಕರ್ ನೇತು ಹಾಕೋಣ, ಮಕ್ಕಳೇ ಬರೀಲಿ! ಬಸ್ ಸ್ಟಾಪಲ್ಲಿ, ಕ್ಯಾಂಟೀನಲ್ಲಿ... ಡೀನ್ ಬಾಗಿಲಿಗೂ ಒಂದು!

...

ಹೂಂ, ಹುಚ್ಚೇ! ಹಿಂದೆ ಇನ್ಯಾರೋ ನಗ್ತಿದ್ದಾರಲ್ಲ? ನಿನ್ನ ಮಗಳು ಟೆಸ್ ತಾನೆ? ಊಟಕ್ಕೆ ಪೆರೋಗಿ ಕಡುಬು ತಂದ್ಲಾ?

...

ಪೋಸ್ಟರ್ ಹಾಳು ಮಾಡಿದ್ಲಾ? ಬರೆದೇಬಿಟ್ಲಾ ಆಗ್ಲೇ? ಬಯ್ಬೇಡ ಮಾರಾಯ! ನೀನು ಅವಳನ್ನ ಹಲ್ಲಿನ ಡಾಕ್ಟರ್ ಮಾಡೋನಲ್ವಾ, ಕೈಗೆ ಮಸಿ ಮೆತ್ಕೊಳೋ ಬಾಳು ನಂಗೊಬ್ಬನಿಗೇ ಸಾಕು ಅಂತ? ಏನು ಬರೆದಿದ್ದಾಳೆ, ಓದು.

...

ಆರ್ವಿಲ್? ಓದೋ ಬೇಗ.

...

"ನನ್ನ ಹೆಸರು ಬರ್ಕೊಳ್ಳಿ. ಅಪ್ಪನಿಗೆ ನೀವೇ ಹೇಳಿ."

...

ನಾನೇನು ಹೇಳ್ಲೋ, ನೀನೇ ಓದಿದ್ಯಲ್ಲ ಈಗ! ಆರ್ವಿಲ್... ಹನ್ನೆರಡನೇದು ಅಂತ ನಾನು ಆಸೆ ಪಡ್ತಿಲ್ಲ. ಪಡ್ತಿದ್ದೀನಿ, ಸುಳ್ಳು ಯಾಕೆ ಹೇಳ್ಲಿ! ಆದ್ರೂ ನೀನು ಬೇಡ ಅಂದ್ರೆ... ಮೆಷಿನ್ ಯಾಕೆ ನಿಲ್ಲಿಸ್ದೆ?

...

ಹಾಂ? ಏನಂದೆ?

...

ಪೆನ್ನು ಇದೆ ಇದೆ! ಹೇಳು, ಪೂರ್ತಿ ಹೇಳು. ಟೆಸ್... ಥೋರ್ವಾಲ್ಡ್‌ಸನ್... ನಿಧಾನ ಕಣೋ, ಬರ್ಕೊಳ್ತಿದ್ದೀನಿ. ತಂದೆ ಹೆಸರು? ಅಯ್ಯೋ, ಅದು ನಂಗೆ ಗೊತ್ತಿಲ್ವಾ! ತಂದೆಯ ಒಪ್ಪಿಗೆ ಅಂತಾನೂ ಒಂದು ಜಾಗ ಇದೆ, ಅಲ್ಲಿ ಏನು ಬರ್ಕೊಳ್ಲಿ? ಜೋರಾಗಿ ಹೇಳು, ಅವಳಿಗೂ ಕೇಳೋ ಹಾಗೆ... ಹಲೋ? ಅಪ್ಪ ಮಗಳು ಇಬ್ಬರೂ ಒಟ್ಟಿಗೆ ಕೂಗಿದ್ರೆ ನಂಗೇನು ಕೇಳತ್ತೋ, ಒಪ್ಪಿಗೆ ಅಂತಾನೇ ಬರ್ಕೊಂಡೆ!