ಇಪ್ಪತ್ತೆರಡು ಕೋಲುಗಳ ಚೀಲ

ಸಾವಿರದ ಒಂಬೈನೂರ ಮೂವತ್ತಾರನೇ ಇಸವಿಯಲ್ಲಿ ಕೊಯಮತ್ತೂರಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ನಿಂತಿದ್ದ ನೇಕಾರನನ್ನು ಅವನ ಅಕ್ಕ ಬೈಯುತ್ತಿದ್ದಳು. ಭಾನುವಾರಗಳಲ್ಲಿ ಅವನು ಗಾಲ್ಫ್ ಆಡುವ ಇಂಗ್ಲಿಷ್ ದೊರೆಯೊಬ್ಬನ ಕೋಲುಗಳ ಚೀಲ ಹೊರುತ್ತಿದ್ದ.

“ಎಷ್ಟು ಕೋಲು ಹೊರ್ತೀಯೋ ತಂಬಿ?”

“ಇಪ್ಪತ್ತೆರಡು, ಅಕ್ಕಾ.”

“ಆ ಮನುಷ್ಯ ಆಡೋದು ಎಷ್ಟರಲ್ಲಿ?”

“ಆರರಲ್ಲಿ. ಮಿಕ್ಕಿದ್ದು ಎಂದಾದ್ರೂ ಬೇಕಾಗುತ್ತಂತೆ.”

“ಮೂರು ವರ್ಷದಲ್ಲಿ ಒಂದಿನ ಬೇಕಾಯ್ತಾ?”

“ಇಲ್ಲ.”

“ವಾರಕ್ಕೊಂದಿನ ಆಡೋನಿಗೆ ಅಷ್ಟೊಂದು ಯಾತಕ್ಕೋ? ನಿನ್ನ ತೋಳು ಬಾತು, ಲಾಳಿ ಹಗ್ಗ ಎಳೆಯೋಕಾಗದೆ ಮಗ್ಗ ನಿಂತಿದೆ. ಆರು, ಮೇಲೊಂದು, ಏಳು ಸಾಕು ಅಂತ ಹೇಳು!”

“ದೊರೆಗೆ ಕೋಪ ಬಂದ್ರೆ?”

“ನನಗೆ ಬಂದಿದೆಯಲ್ಲ, ಮೊದಲು ಅದಕ್ಕೆ ಹೆದರು!”

ಪೀಳಮೇಡಿನ ಬಸ್ಸು ಬಂತು. ಬೈಯುತ್ತಲೇ ಅವಳು ಅವನ ಗಂಟನ್ನೂ ತನ್ನ ಕಂಕುಳಿಗೆ ಸೇರಿಸಿಕೊಂಡು, ಅವನ ನೋಯದ ಕೈ ಹಿಡಿದು ಮೆಲ್ಲಗೆ ಹತ್ತಿಸಿದಳು.