ಲೇತಿನ ರಜೆ

ಪೀಣ್ಯದಲ್ಲಿ ಸಂಜೆಯ ಬಸ್ಸಿಗೆ ಕ್ಯೂ ನಿಂತಿದ್ದ ಟರ್ನರ್ ಉಪೇಂದ್ರನಿಗೆ ತಾನು ದಿನವೂ ಕಬ್ಬಿಣ ಕಡೆಯುವ ಲೇತ್ ಯಂತ್ರದ ಹೆಸರು ಕೇಳಿ ಕಿವಿ ನೆಟ್ಟಗಾಯಿತು. ಮುಂದೆ ಶಾಲೆಯ ಇಬ್ಬರು ಟೀಚರುಗಳು ನಿಂತಿದ್ದರು. ಮಾತಾಡುತ್ತಿದ್ದವರು ಇಬ್ಬರಲ್ಲಿ ಹಿರಿಯರು.

"ಸಜೀವ, ನಿರ್ಜೀವ ಪಾಠ ಕಣಮ್ಮ ಊರ್ಮಿಳಾ. ಐದು ವರ್ಷದ ಹಿಂದೆ ಎರಡನೇ ಕ್ಲಾಸಿನ ಹುಡುಗಿಯೊಬ್ಳು ಲೇತ್‌ಗೆ ಜೀವ ಇದೆ ಅಂತ ಬರೆದಿದ್ಲು."

"ಯಾಕಂತೆ ಮೇಡಂ?"

"ಎಣ್ಣೆ ಕುಡಿಯುತ್ತೆ, ಕೂಗುತ್ತೆ, ಮೈ ಬಿಸಿಯಾಗುತ್ತೆ. ಆಯುಧಪೂಜೆ ದಿನ ಅಪ್ಪ ಕುಂಕುಮ ಇಟ್ಟು ಅದಕ್ಕೆ ರಜ ಕೊಡ್ತಾರೆ. ಜೀವ ಇಲ್ದಿದ್ರೆ ರಜ ಯಾಕೆ ಮಿಸ್ ಅಂದ್ಲು."

"ನೀವೇನಂದ್ರಿ?"

"ಇಡೀ ಕ್ಲಾಸಿಗೆ ಓದಿ ಹೇಳ್ದೆ. ಎಲ್ರೂ ನಕ್ರು. ನಾನೂ ನಕ್ಕೆ."

"ಉತ್ತರ ತಪ್ಪೇ ಅಲ್ವಾ?"

"ತಪ್ಪೇ. ಆದ್ರೆ ಆ ವಯಸ್ಸಿಗೆ ಅಲುಗಾಡೋದಕ್ಕೆಲ್ಲ ಜೀವ ಇರೋ ಹಾಗೇ ಕಾಣುತ್ತಂತೆ. ಮೊನ್ನೆ ಟ್ರೈನಿಂಗ್‌ನಲ್ಲಿ ಹೇಳಿದ್ರು. ಪಾಠ ಅಲ್ಲಿಂದ್ಲೇ ಶುರುವಾಗಬೇಕಿತ್ತು. ನಿಮ್ಮಪ್ಪನ ಲೇತ್ ಬೆಳೆಯುತ್ತಾ, ಮರಿ ಹಾಕುತ್ತಾ ಅಂತ ಕೇಳಿದ್ರೆ ಸಾಕಿತ್ತು. ಮಿಕ್ಕಿದ್ದನ್ನ ಅವಳೇ ಯೋಚ್ನೆ ಮಾಡ್ತಿದ್ಲು."

"ಹಾಗಾದ್ರೆ ಈಗ ನಮ್ಮ ಶಾಲೆಯಲ್ಲೇ ಏಳನೇ ಕ್ಲಾಸಲ್ಲಿ ಇರ್ಬೇಕಲ್ಲ. ಈಗ್ಲಾದ್ರೂ ಕೇಳಿ."

"ಇವತ್ತು ಕರೆದು ಕೇಳ್ದೆ. ಲೇತ್‌ಗೆ ಜೀವ ಇದೆಯೇನಮ್ಮಾ ಅಂದೆ."

"ಏನಂದ್ಲು?"

"ಕೈ ಕಟ್ಕೊಂಡು ನಿಂತು, ಪುಸ್ತಕದಲ್ಲಿ ಹೇಗಿದೆಯೋ ಹಾಗೆ ಮಿಸ್ ಅಂದ್ಲು."



ಭಾನುವಾರದ ರಜೆ ಮುಗಿಸಿ ಬಂದರೆ ತನ್ನ ಲೇತು ಸೋಮವಾರ ಬೆಳಗ್ಗೆ ಮುನಿಸಿಕೊಂಡಿರುತ್ತದೆ, ಆ ಹುಡುಗಿಗೆ ಹೇಳಿ ಎನ್ನಬೇಕೆನಿಸಿತು ಉಪೇಂದ್ರನಿಗೆ. ಅವನು ಬಾಯಿ ತೆರೆಯುವಷ್ಟರಲ್ಲಿ ಅವರ ರೂಟಿನ ಬಸ್ಸು ಬಂತು. ಇಬ್ಬರೂ ಹತ್ತಿ ಹೋದರು.